ಚಿನ್ನಿಯ ಕೂಗು

ಮಡಗಾಂವ್
ನವೆಂಬರ್ ೧೨, ೨೦೨೪

ಪ್ರೀತಿಯ ಮಂಜಕ್ಕ,

ಬೇಕರಿ ಕೆಲಸ ಮುಗಿಸಿ ಬಂದು ಬಾಯಲ್ಲಿ ಹೇಳ್ತಿದೀನಿ, ಫೋನೇ ಬರ್ಕೊಳ್ತಿದೆ. ಕಾಲ್ ಮಾಡಿದ್ರೆ ಹಿಂದಿಂದ ಅಮ್ಮನ ಅಳು ಕೇಳುತ್ತೆ, ಹೇಳಬೇಕಾದ್ದೆಲ್ಲ ಮರೆತು ಹೋಗುತ್ತೆ.

ಅಮ್ಮನ್ನ ಬೈಬೇಡ. ಗುಂಡನ್ನ ಹೊಸನಗರದ ಮನೇಲಿ ಬಿಟ್ಟ ದಿನ ನಾನೇ ಬಿಡಿಸಿ ಹೇಳಬೇಕಿತ್ತು, ಇದು ನಮ್ಮ ಕಾಡಲ್ಲಿ ಮರದಿಂದ ಮರಕ್ಕೆ ಹಾರೋ ಹಾರುಬೆಕ್ಕಲ್ಲ, ಶುಗರ್ ಗ್ಲೈಡರ್ ಅನ್ನೋ ಹೊರದೇಶದ ಪುಟ್ಟ ಸಾಕುಪ್ರಾಣಿ, ಹುಟ್ಟಿದ್ದೇ ಪಂಜರದಲ್ಲಿ ಅಂತ. ಕೈಕಾಲಿನ ನಡುವಿನ ತೊಗಲು ಹರಡಿ ಕಪಾಟಿಂದ ಬಾಗಿಲ ಪರದೆಗೆ ಹಾರಿದ್ದನ್ನ ನೋಡಿದ ಮೇಲೆ ಅಮ್ಮ ಬೇರೆ ಏನು ತಿಳ್ಕೊಳ್ತಾಳೆ? ಸಾಲದ್ದಕ್ಕೆ ಪಕ್ಕದ ಮನೆ ಮಧುಸೂದನಣ್ಣನ ತಮಾಷೆ: "ಎಂತ ಹೂವಮ್ಮ, ಹಾರುಬೆಕ್ಕು ಸಾಕಿದೀರಾ? ಫಾರೆಸ್ಟ್‌ನೋರ ಜೀಪಲ್ಲಿ ಆರಾಮಾಗಿ ಕೂತ್ಕಂಡು ಹೋಗಬಹುದು ಬಿಡಿ!"

ಅಮ್ಮ ನಿಜ ಅಂದ್ಕೊಂಡಳು. ಮಾಸ್ತಿಕಟ್ಟೆಗೆ ನಿನ್ನ ಮನೆಗೆ ಬರುವಾಗ ಚೀಲದಲ್ಲಿ ಹಾಕ್ಕೊಂಡು ಬಂದು, ಕ್ವಾರ್ಟರ್ಸ್ ಹಿಂದಿನ ಹಲಸಿನ ಮರಕ್ಕೆ ಹತ್ತಿಸಿಬಿಟ್ಟಳು. "ಕಾಡಿಂದು ಕಾಡು ಸೇರ್ತು ಕಣೋ, ಪುಣ್ಯ ಬಂತು" ಅಂತ ನಗ್ತಾ ಫೋನ್ ಮಾಡಿದ್ಳು. ನಾನು ಕಿರುಚಿದೆ. ಆಗಿಂದ ಅಳ್ತಿದಾಳೆ.

ಅಕ್ಕ, ಅವನಿಗೆ ಸೇಬು ಕೂಡ ಸಣ್ಣಗೆ ಹೆಚ್ಚಿ ಕೊಡಬೇಕು. ಗೂಬೆ ಅಂದ್ರೆ ಏನಂತ ಗೊತ್ತಿಲ್ಲ. ಈ ಚಳೀಲಿ ಎಲ್ಲಿ ಮುದುರ್ಕೊಂಡಿದಾನೋ.

ಕತ್ತಲಾಗೋ ಹೊತ್ತಿಗೆ ಆ ಮರದ ಹತ್ರ ಹೋಗು. ನನ್ನ ಹಳೇ ಶರ್ಟಲ್ಲಿ ಹೊಲಿದ ಅವನ ಚೀಲ ಅಮ್ಮನ ಹತ್ರ ಇದೆ. ಒಗೆದಿಲ್ಲ ತಾನೇ? ಒಗೀಬೇಡ, ವಾಸನೆ ಇರಲಿ. ಒಳಗೆ ಜೇನು ಸವರಿದ ಬಾಳೆಹಣ್ಣು ಇಟ್ಟು ಕೊಂಬೆಗೆ ಕಟ್ಟು. ಆಮೇಲೆ ನಾನು ಕಳಿಸಿರೋ ವಾಯ್ಸ್ ನೋಟ್ ಹಾಕು. ನಾಯಿಮರಿ ಬೊಗಳಿದ ಹಾಗೆ ಕೇಳುತ್ತಲ್ಲ, ಅದೇ ಚಿನ್ನಿ, ಅವನ ಜೋಡಿ. ಇಬ್ಬರೂ ಒಂದೇ ಚೀಲದಲ್ಲಿ ಮಲಗ್ತಿದ್ದೋರು. ಎರಡರ ಗಲಾಟೆ ಬೇಡ ಅಂತ ರೂಮಿನ ಓನರ್ ಹೇಳಿದ್ದಕ್ಕೆ ತಾನೇ ನಾನು ಬೇರೆ ಮಾಡಿದ್ದು. ಅವಳು ಕರೆದ್ರೆ ಬಂದೇ ಬರ್ತಾನೆ. ಟಾರ್ಚ್ ಮುಖಕ್ಕೆ ಬಿಡಬೇಡ. ಭಾವ ಟವೆಲ್ ಹಿಡ್ಕೊಂಡು ಓಡೋದು ಬೇಡ. ತಾನಾಗೇ ಚೀಲಕ್ಕೆ ಇಳೀಲಿ.

ಚಿನ್ನಿ ಇಲ್ಲಿ ಚೆನ್ನಾಗಿದಾಳೆ. ಗುಂಡ ಸಿಕ್ಕಿದ ಕೂಡಲೇ ಹೇಳು, ಬಸ್ ಹತ್ತುತೀನಿ. ಬೇರೆ ರೂಮ್ ಹುಡುಕ್ತಿದೀನಿ. ಅಮ್ಮಂಗೆ ಊಟ ಮಾಡಿಸು.

ನಿನ್ನ ತಮ್ಮ,
ಶಿವು

ಅಕ್ಕ, ಇನ್ನೊಂದು. ಇದನ್ನ ಅಮ್ಮಂಗೆ ಓದಿ ಹೇಳಬೇಡ. ಚಿನ್ನಿ ಚೆನ್ನಾಗಿಲ್ಲ. ಗುಂಡನ್ನ ಊರಲ್ಲಿ ಬಿಟ್ಟು ಬಂದ ಮೇಲೆ ತಿನ್ನೋದೇ ಬಿಟ್ಟಳು, ಹೋದ ವಾರ ಸತ್ತು ಹೋದಳು. ಆ ವಾಯ್ಸ್ ನೋಟ್ ಅವಳು ಅವನನ್ನ ಕರೀತಿದ್ದಾಗಿಂದು. ಅವನು ಬಂದ್ರೆ ಚೀಲದೊಳಗೆ ಅವಳನ್ನ ಹುಡುಕ್ತಾನೆ. ನಾನು ಬರೋ ತನಕ ನಿನ್ನ ಕೈ ಒಳಗಿಟ್ಟಿರು.