ಕೈಪಿಡಿಯಲ್ಲಿಲ್ಲದ ಕೋಡಿಹಳ್ಳ

ಪುರಸಭೆಯ ಮುಖ್ಯಾಧಿಕಾರಿಗಳೇ,

ಕೆರೆ ತುಂಬಿ ಕೋಡಿ ಬೀಳಲು ನೀರು ಇನ್ನು ಮೂರು ಮೆಟ್ಟಿಲು ಏರುವುದು ಬಾಕಿ ಇದೆ. ಕೋಡಿ ನೀರು ಹರಿಯಬೇಕಾದ ಹಳ್ಳದಲ್ಲಿ ತಾವು ನಿವೇಶನ ಹಂಚಿ ಹನ್ನೆರಡು ಮನೆ ಎಬ್ಬಿಸಿದ್ದೀರಿ. ಆ ಮನೆಗಳಿಂದ ಕೆಳಗೆ, ಹಳ್ಳದ ನೀರು ಹೊರಹೋಗುವ ಮೋರಿ ತೆಂಗಿನಕಾಯಿ ಮಟ್ಟೆಯಿಂದ ಮುಚ್ಚಿಹೋಗಿದೆ. ಇಷ್ಟೇ ನನ್ನ ದೂರು. ಉಳಿದದ್ದೆಲ್ಲ ನನ್ನ ಹೆದರಿಕೆ.

ಮೂರು ಸಲ ಕಚೇರಿಗೆ ಬಂದೆ. ತಮ್ಮ ಗುಮಾಸ್ತರು ಪುರಸಭೆ ಅಚ್ಚು ಹಾಕಿಸಿದ ಬಣ್ಣದ ಕೈಪಿಡಿ ತೆಗೆದರು. ಊರಿನ ಇತಿಹಾಸ, ಭೂಗೋಳ, ಹವಾಮಾನದ ಪುಟ. ಎತ್ತರದ ಪ್ರದೇಶ, ಒಣ ಹವೆ, ಪ್ರವಾಹದ ದಾಖಲೆ ಇಲ್ಲ. “ಓದ್ಕಳಪ್ಪ ಮೈಲಾರಿ. ಗುಡ್ಡದ ಊರು ಕಣಯ್ಯ ನಮ್ದು. ಸಮುದ್ರ ಏನು ತಿಪಟೂರು ಬಸ್ಸು ಹತ್ತಿ ಬತ್ತದಾ?” ಎಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಕಚೇರಿಯಲ್ಲಿ ನಗದೆ ನಿಲ್ಲುವ ಧೈರ್ಯ ನನಗಿಲ್ಲ.

ಗುಡ್ಡದ ಊರೆಂಬುದು ನಿಜ, ಮಾನ್ಯರೇ. ಗುಡ್ಡಕ್ಕೆ ಬಿದ್ದ ಮಳೆ ಗುಡ್ಡದ ಮೇಲೇ ಕೂತಿರುತ್ತದೆಯೇ? ಮೂರು ಗುಡ್ಡದ ನೀರು ಈ ಒಂದೇ ಕೆರೆಗೆ ಇಳಿಯಬೇಕು. ಮೂವತ್ತು ವರ್ಷ ಕೋಡಿ ಬೀಳದ್ದರಿಂದ ಹಳ್ಳ ಎಲ್ಲರ ಕಣ್ಣಿಗೂ ಖಾಲಿ ಜಾಗವಾಯಿತು. ತಮಗೆ ನಿವೇಶನ, ಕೊಬ್ಬರಿ ಮಂಡಿಯವರಿಗೆ ಮಟ್ಟೆ ಸುರಿಯುವ ಗುಂಡಿ. ಸುಳ್ಳೇಕೆ, ಸುರಿದವರಲ್ಲಿ ನಾನೂ ಒಬ್ಬ. ಹದಿನೈದು ವರ್ಷ ಕಾಯಿ ಸುಲಿದು ಗಾಡಿಗಟ್ಟಲೆ ಮಟ್ಟೆ ಅಲ್ಲಿಗೇ ಎಸೆದಿದ್ದೇನೆ. ಒಣಮಟ್ಟೆ ತೇಲಿ ಬಂದು ಮೋರಿಯ ಬಾಯಿಗೆ ಕಚ್ಚಿಕೊಳ್ಳುತ್ತದೆಂದು ಎಸೆಯುವಾಗ ಹೊಳೆಯಲಿಲ್ಲ.

ದಾಖಲೆ ಕೇಳುತ್ತೀರಲ್ಲ, ಕೇಳಿ. ಆ ಹನ್ನೆರಡು ಮನೆಗಳ ಜಾಗದಲ್ಲೇ ನಮ್ಮ ಶಾಲೆ ಇತ್ತು. ಮೂವತ್ತು ವರ್ಷದ ಹಿಂದೆ ಚಿತ್ತೆ ಮಳೆಯಲ್ಲಿ, ಹಾಡಹಗಲು ಎರಡು ಗಂಟೆಗೆ ಕೋಡಿ ಹರಿಯಿತು. ಮೇಷ್ಟ್ರು ಸದಾಶಿವಯ್ಯನವರು ನಮ್ಮನ್ನು ಒಬ್ಬೊಬ್ಬರಾಗಿ ದಡ ಹತ್ತಿಸಿದರು. “ಅಲ್ಲೇ ನಿಂತ್ಕಳ್ರೋ, ಹಾಜರಿ ಪುಸ್ತಕ ತಗಂಡು ಬತ್ತೀನಿ. ಯಾರು ಉಳ್ಕಂಡವ್ರೋ ನೋಡ್ಬೇಕು” ಎಂದು ಒಳಗೆ ಹೋದರು. ಗೋಡೆ ಕುಸಿಯಿತು. ಯಾರೂ ಉಳಿದುಕೊಂಡಿರಲಿಲ್ಲ, ನಾವೆಲ್ಲ ದಡದಲ್ಲೇ ನಿಂತಿದ್ದೆವು. ಶಾಲೆ ಮತ್ತೆ ಏಳಲಿಲ್ಲ, ನನ್ನ ಓದು ನಾಲ್ಕನೇ ತರಗತಿಗೇ ನಿಂತಿತು. ದಾಖಲೆ ಇಲ್ಲ, ನಿಜ. ಅದನ್ನು ತರಲು ಹೋದವರ ಜೊತೆಯೇ ಹೋಯಿತು.

ಈಗ ಅಲ್ಲಿನ ಮೊದಲನೇ ಮನೆ ಬಟ್ಟೆ ಹೊಲಿಯುವ ನಸೀಮ್ ಬಾನು ಅವರದು. ನಿನ್ನೆ ಕೇಳಿದರು: “ಮೈಲಾರಣ್ಣ, ಮಿಷನ್ ಎತ್ತಿ ಮಂಚದ ಮೇಲೆ ಇಕ್ಲಾ?”

“ಇಕ್ಕವ್ವ” ಎಂದೆ.

“ನಮ್ಮಮ್ಮನ್ನ ಎಲ್ಲಿ ಇಕ್ಲಿ? ಎದ್ದು ನಡೆಯಕ್ಕೇ ಆಗಲ್ಲ ಅವ್ರಿಗೆ.”

ಇದಕ್ಕೆ ಉತ್ತರವನ್ನು ತಮ್ಮ ಕೈಪಿಡಿಯಲ್ಲೂ ಹುಡುಕಿದೆ.

ಆದ್ದರಿಂದ ಇವತ್ತೇ ಆ ಹನ್ನೆರಡು ಮನೆಯವರನ್ನು ಪುರಸಭೆಯ ಸಮುದಾಯ ಭವನಕ್ಕೆ ಸಾಗಿಸಿ. ಇವತ್ತೇ ಮೋರಿ ಬಿಡಿಸಿ. ಮಟ್ಟೆ ಎಳೆಯಲು ಮೊದಲ ಕೈ ನನ್ನದು. ಆದರೆ ಮೋರಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದವರು ತಾವು; ಬೀಗದ ಕೈ ತಮ್ಮ ಕಚೇರಿಯಲ್ಲಿದೆ.

ಅಕ್ಷರ ಕೂಡಿಸಿ ಕೂಡಿಸಿ ಬರೆಯುವವನು ನಾನು, ಈ ಪತ್ರಕ್ಕೆ ಎರಡು ದಿನ ಹಿಡಿಯಿತು. ಮೂರು ಮೆಟ್ಟಿಲು ಎಂದು ಮೇಲೆ ಬರೆದದ್ದನ್ನು ಒಂದು ಎಂದು ಓದಿಕೊಳ್ಳಬೇಕು.

ಇಂತಿ,
ಸದಾಶಿವಯ್ಯನವರ ಹಾಜರಿಯಲ್ಲಿ ಕೊನೆಯ ಸಲ ‘ಬಂದೆ ಸಾರ್’ ಎಂದ,
ಕಾಯಿ ಸುಲಿಯುವ ಮೈಲಾರಿ