ಹಿಂದಿಯ ಖಳನಿಗೆ ಕಾಪುವಿನ ಕಣ್ಣೀರು

ಕಾಪು,
೯ ಫೆಬ್ರವರಿ ೧೯೮೭

ಪ್ರೀತಿಯ ಸರ್ವೋತ್ತಮ ಮಾವನಿಗೆ ಚಂಪಾ ಮಾಡುವ ನಮಸ್ಕಾರಗಳು.

ನಿಮ್ಮ ಮೊಣಕಾಲು ನೋವು ಹೇಗುಂಟು? ಬೊಂಬಾಯಿಯ ಲೋಕಲ್ ರೈಲಿನಲ್ಲಿ ಕೂರುವ ಭಾಗ್ಯ ಇಲ್ಲದಿದ್ದರೂ ಎರಡೂ ಕಾಲು ಊರುವಷ್ಟು ಜಾಗವಾದರೂ ಸಿಗುತ್ತಿರಲಿ. ಅತ್ತೆಗೆ ಸಕ್ಕರೆ ಕಾಯಿಲೆ ಶುರುವಾಯಿತೆಂದು ಬರೆದಿದ್ದಿರಿ. ಮಾತಿನಲ್ಲಿದ್ದದ್ದು ರಕ್ತಕ್ಕೆ ಇಳಿದಿರಬೇಕು. ಅನ್ನ ಕಡಿಮೆ ಮಾಡಲಿ, ಮಾತು ಕಡಿಮೆ ಮಾಡುವುದು ಬೇಡ.

ಇಲ್ಲಿ ಎಲ್ಲರೂ ಸೌಖ್ಯ. ಅಪ್ಪ ಎಂದಿನಂತೆ ಪೇಪರಿನ ಹಿಂದೆ ಇದ್ದಾರೆ. ಅಮ್ಮ ಹೇಳಿ ಬರೆಸಿದ್ದು ಇಷ್ಟು: ಕಾರ್ಕಳದ ಜಯಕರನೊಂದಿಗೆ ನನ್ನ ನಿಶ್ಚಯ ಬರುವ ತಿಂಗಳಿಗೆ ಗೊತ್ತಾಗಿದೆ, ನೀವು ಹಿಂದಿನ ದಿನವೇ ಬಂದು ಮುಟ್ಟಬೇಕು, ನಮ್ಮದು ಅಳಿಯಸಂತಾನದ ಮನೆ, ಸೋದರಮಾವ ಕೈಯಾರೆ ಕೊಡದೆ ವೀಳ್ಯದ ಹರಿವಾಣ ಗಂಡಿನ ಕಡೆಗೆ ದಾಟುವುದಿಲ್ಲ, ಇದನ್ನು ನಿಮಗೆ ಹೇಳಬೇಕಾಗಿಲ್ಲ. ಇಷ್ಟು ಹೇಳಿ ಅಮ್ಮ ಅಂಗಳಕ್ಕೆ ಬಂದ ಮೀನಿನವಳ ಹತ್ತಿರ ಬಂಗುಡೆಯ ಕಿವಿರು ನೋಡಲು ಹೋದಳು. ಮೀನನ್ನಾದರೆ ಅಮ್ಮ ಕಿವಿರು ಎತ್ತಿ ನೋಡದೆ ಮನೆಯೊಳಗೆ ತರುವುದಿಲ್ಲ. ಆದ್ದರಿಂದ ಇನ್ನು ಮುಂದಿನದೆಲ್ಲ ನನ್ನ ಮಾತು. ಈ ಹುಡುಗ ನನಗೆ ಬೇಡ ಮಾವ. ವರ ಅಂದರೆ ಬೇಡಿ ಪಡೆಯಬೇಕಾದದ್ದು. ಇದು ಬೇಡ ಬೇಡ ಅಂದರೂ ಬರುತ್ತಿದೆ. ನನ್ನ ಮಾತು ಇಲ್ಲಿ ಯಾರ ತಲೆಗೂ ಯಾಕೆ ಹೋಗುವುದಿಲ್ಲ ಎಂದು ತಿಳಿಯಬೇಕಾದರೆ ನೀವು ಕಳಿಸಿದ ಟಿವಿಯಿಂದಲೇ ಶುರು ಮಾಡಬೇಕು.

ಗುರುವಾರ ಒಂದು ಹಿಂದಿ ಧಾರಾವಾಹಿ ಬರುತ್ತದೆ. ಅದರ ಖಳನಾಯಕ ವಿಕ್ರಾಂತ, ನಿಮ್ಮ ಬೊಂಬಾಯಿಯವನೇ, ಕಳ್ಳಸಾಗಣೆಯ ವ್ಯಾಪಾರಿ. ಮೊದಲನೆಯ ಕಂತಿನಲ್ಲೇ ಪಾಲುದಾರನನ್ನು ಸಮುದ್ರಕ್ಕೆ ನೂಕಿದ. ಆಮೇಲೆ ಪಾಲುದಾರನ ತಮ್ಮನನ್ನೂ, ಸಾಕ್ಷಿ ಹೇಳಲು ಹೊರಟ ಲೈಟ್‌ಹೌಸಿನ ಮುದುಕನನ್ನೂ. ಅಷ್ಟಾದರೂ ನಮ್ಮ ಚಾವಡಿ ತುಂಬ ಅವನಿಗೆ ಬಂಧುಬಳಗ. ಗುರುವಾರ ಬಂತೆಂದರೆ ಅರ್ಧ ಓಣಿ ಚಾಪೆ ಹಿಡಿದುಕೊಂಡು ಬರುತ್ತದೆ. ಇವರಲ್ಲಿ ಒಬ್ಬರಿಗೂ ಹಿಂದಿ ಬರುವುದಿಲ್ಲ. ಶಾಲೆಯಲ್ಲಿ ಹಿಂದಿ ಕಲಿಸುವ ತಪ್ಪಿಗೆ ಪಕ್ಕದಲ್ಲಿ ನಿಂತು ತುಳುವಿನಲ್ಲಿ ಅರ್ಥ ಹೇಳುವ ಕೆಲಸ ನನ್ನದು. ಅವನು ಪಿಸ್ತೂಲು ತೆಗೆದು, "ಇವನನ್ನು ಮುಗಿಸಿ" ಅನ್ನುತ್ತಾನೆ. ನಾನೂ ಹಾಗೆಯೇ ಹೇಳುತ್ತೇನೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟು ಮೆಲ್ಲಗೆ ಹೇಳಿದ ನೋಡು, ಒಳ್ಳೆಯ ಮನೆಯ ಹುಡುಗ" ಅನ್ನುತ್ತಾಳೆ. ಖಳನಾಯಕ ಎಂಬ ಶಬ್ದದಿಂದ ಖಳನನ್ನು ಇಷ್ಟು ಸಲೀಸಾಗಿ ಕಿತ್ತುಹಾಕಿ ನಾಯಕನನ್ನು ಮಾತ್ರ ಉಳಿಸಿಕೊಂಡ ವ್ಯಾಕರಣವನ್ನು ನಮ್ಮ ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ.

ನನಗೆ ರೇಗಿತು. ಒಂದು ಗುರುವಾರ ಅರ್ಥ ಹೇಳುವಾಗ ನನ್ನ ಕೈಯಿಂದಲೇ ಎರಡು ಕೊಲೆ ಸೇರಿಸಿದೆ. ಅವನು ಸುಮ್ಮನೆ ಹವಾಮಾನದ ಬಗ್ಗೆ ಮಾತಾಡುತ್ತಿದ್ದಾಗ, ಅನಾಥಾಶ್ರಮಕ್ಕೆ ಬೆಂಕಿ ಇಟ್ಟು ಬಂದೆ ಎನ್ನುತ್ತಿದ್ದಾನೆ ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಸರಿ, ಈಗ ಬುದ್ಧಿ ಬಂತು ಅಂದುಕೊಂಡೆ. ಹಿಂದಿನಿಂದ ನಿವೃತ್ತ ಪೋಸ್ಟ್‌ಮಾಸ್ತರ್ ಬ್ಯಾಪ್ಟಿಸ್ಟ್ ಬಾಯಿ ಬಿಟ್ಟರು: "ಅವನಿಗೆ ಎಂತ ಸಂಕಟ ಉಂಟೋ ಮಾರಾಯ್ತಿ. ಸುಮ್ಮನೆ ಯಾರಾದರೂ ಬೆಂಕಿ ಇಡುತ್ತಾರಾ?" ಹೌದು, ಹೌದು ಎಂದು ಚಾಪೆಗಳೆಲ್ಲ ತಲೆದೂಗಿದವು. ಸುಟ್ಟುಹೋದ ನನ್ನ ಅನಾಥರಿಗೆ ಒಂದು ಹನಿ ಬೀಳಲಿಲ್ಲ.

ನಮ್ಮ ಯಕ್ಷಗಾನದ ಆಟದಲ್ಲಿಯೂ ರಾಕ್ಷಸ ಬರುತ್ತಾನಲ್ಲ. ಬಣ್ಣದ ವೇಷ ರಂಗಕ್ಕೆ ಬಂದರೆ ಗರ್ನಾಲು ಸಿಡಿಸುತ್ತೇವೆ, ನಿದ್ದೆಯಲ್ಲಿದ್ದ ಮಕ್ಕಳನ್ನು ಎಬ್ಬಿಸಿ ತೋರಿಸುತ್ತೇವೆ. ನೀವೇ ನನ್ನನ್ನು ಹೆಗಲ ಮೇಲೆ ಕೂರಿಸಿ ತೋರಿಸಿದವರು. ಆದರೆ ಬೆಳಗಾಗುವಾಗ ಅವನು ಸಾಯದೆ ಯಾರೂ ಚಾಪೆ ಮಡಚುವುದಿಲ್ಲ. ಅವನ ಮುಖದ ತುಂಬ ಅವನ ಜಾತಕ ಬರೆದಿರುತ್ತದೆ. ಈ ವಿಕ್ರಾಂತನ ಮುಖಕ್ಕೆ ಬರೀ ಪೌಡರು. ಪೌಡರು ಕಂಡಲ್ಲೆಲ್ಲ ಪಾಪ ಪಾಪ ಎನ್ನುವ ಜನಕ್ಕೆ ಪಾಪಿ ಯಾರೆಂದು ಹೇಗೆ ಗೊತ್ತಾಗಬೇಕು?

ಹೀಗಿರುವಾಗ ಜಯಕರ ನನ್ನನ್ನು ನೋಡಲು ಬಂದ. ಅವನಿಗೆ ಕಾರ್ಕಳದಲ್ಲಿ ಕರಿಕಲ್ಲು ಒಡೆಯುವ ಕೋರೆ ಉಂಟು, ಎದೆಯೂ ಅಲ್ಲಿಯದೇ ಮಾಲು. ಕತ್ತಲೆ ಚಾವಡಿಯಲ್ಲಿ ಕಪ್ಪು ಕನ್ನಡಕ ತೆಗೆಯದೆ ಕುಳಿತ. ಚಹಾ ಬಿಸಿಯಿಲ್ಲವೆಂದು ಜೊತೆಗೆ ಬಂದ ತನ್ನ ತಂಗಿಯನ್ನು ಒಮ್ಮೆ ನೋಡಿದ. ಆ ಹುಡುಗಿ ತನ್ನ ಬಸಿ ಕೆಳಗಿಟ್ಟು ಬಾಗಿಲ ಹತ್ತಿರಕ್ಕೆ ಸರಿದು ಕೂತದ್ದನ್ನು ನಾನು ಕಂಡೆ. ಅಮ್ಮ ಕಂಡದ್ದು ಕನ್ನಡಕವನ್ನು. "ಥೇಟ್ ವಿಕ್ರಾಂತ" ಎಂದು ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು. ಮೆಚ್ಚಿ ಹೇಳಿದ್ದು ಮಾವ.

ಇವನಿಗೆ ಮೊದಲೊಂದು ಮದುವೆಯಾಗಿದೆ, ಆ ಹೆಂಡತಿ ಹೊಂದಿಕೆಯಾಗದೆ ಬಿಟ್ಟುಹೋದಳು ಎಂದು ಅವನ ಕಡೆಯವರೇ ಹೇಳಿದ್ದಾರೆ. ನನ್ನ ಜೊತೆ ಓದಿದ ಗ್ಲ್ಯಾಡಿಸ್ ಈಗ ಮಣಿಪಾಲದಲ್ಲಿ ಕೆಲಸ ಮಾಡುತ್ತಾಳೆ, ಪರ್ಕಳದಲ್ಲಿ ಬಾಡಿಗೆ ಕೋಣೆ. ಅದರ ಗೋಡೆಯಾಚೆಗೇ ಆ ಹೆಂಗಸು ತಾಯಿಯೊಂದಿಗೆ ಇದ್ದಾಳೆ. ಹೋಗಿ ಮಾತಾಡಿಸಿ ಬಂದೆ. ಬಲಗೈಯ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆ, ಲೋಟ ಎತ್ತಲು ಎಡಗೈ ಬೇಕು. ಸಾರಿಗೆ ಉಪ್ಪು ಕಡಿಮೆಯಾದ ದಿನ ಆದದ್ದಂತೆ. ಅವಳು ಅಳಲಿಲ್ಲ, "ಅವರು ಆಮೇಲೆ ಸಾರಿ ಕೇಳಿದರು" ಎಂದಳು.

ಮನೆಗೆ ಬಂದು ಎಲ್ಲ ಹೇಳಿದೆ. ಅಮ್ಮ ಆಡಿದ ಮಾತು ಕೇಳಿ: "ಒಳಗೆ ಎಂತ ಸಂಕಟ ಉಂಟೋ ಪಾಪ. ನೀನು ಹೋದರೆ ಸರಿಯಾದಾನು." ಅಪ್ಪ ಪೇಪರಿನ ಪುಟ ತಿರುಗಿಸಿದರು. ಇದಕ್ಕೆ ನಾನು ತುಳುವಿನಲ್ಲಿ ಯಾವ ಅರ್ಥ ಹೇಳಲಿ?

ಪಕ್ಕದ ಮನೆಯ ಖದೀಜಮ್ಮನವರು ಮಾತ್ರ ಕೆರಳಿದರು. ವಿಕ್ರಾಂತನಿಗಾಗಿ ಎಲ್ಲರಿಗಿಂತ ಜೋರಾಗಿ ಅಳುವವರು ಅವರು. ಅವರ ಬಗ್ಗೆ ನಾನು ಮಾಡಿದ ತಮಾಷೆಗಳನ್ನೆಲ್ಲ ಈಗ ವಾಪಸು ತೆಗೆದುಕೊಂಡಿದ್ದೇನೆ. ಬೇಲಿಯಾಚೆಯಿಂದಲೇ ಅಮ್ಮನಿಗೆ ಅಂದರು: "ಅಕ್ಕಾ, ಅವನು ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ ಅಂತ ಅಲ್ವಾ ನಾನು ಅಳುವುದು? ಬಂದರೆ ನಾನು ಮೊದಲು ಆಸ್ಯಾಳನ್ನು ಒಳಗೆ ಹಾಕಿ ಚಿಲಕ ಹಾಕುತ್ತೇನೆ." ಆಸ್ಯಾ ಅವರ ಮಗಳು. ಅಮ್ಮ ಎರಡು ದಿನ ಅವರೊಂದಿಗೆ ಮಾತು ಬಿಟ್ಟಳು. ಗುರುವಾರ ಮತ್ತೆ ಇಬ್ಬರೂ ಒಂದೇ ಚಾಪೆಯಲ್ಲಿ ಅತ್ತರು.

ಅತ್ತೆಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನಿಮ್ಮ ಕಾಲಿಗೆ ದೇವರು ಬಲ ಕೊಡಲಿ, ಆಡಿದ ಮಾತಿನ ಮೇಲೆ ನಿಲ್ಲುವಷ್ಟು.

ಇಂತು ನಿಮ್ಮ ಸೊಸೆ,
ಚಂಪಾ

ಮರೆತ ಮಾತು: ಅಮ್ಮ ಮೀನು ತೆಗೆದುಕೊಂಡು ಒಳಗೆ ಬರುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಮೇಲೆ "ಬಂದು ಮುಟ್ಟಬೇಕು" ಎಂದು ಬರೆದದ್ದು ಅಮ್ಮನಿಗಾಗಿ. ನೀವು ಬರಬೇಡಿ. ನನ್ನ ಬೇಡ ಎಂಬುದನ್ನು ಈ ಮನೆಯಲ್ಲಿ ನಾಚಿಕೆ ಎಂದು ಓದುತ್ತಾರೆ. ನಿಮ್ಮ ಬೇಡ ಎಂಬುದನ್ನು ಬೇಡ ಎಂದೇ ಓದಬೇಕಾಗುತ್ತದೆ. "ಹರಿವಾಣ ನನ್ನ ಕೈಯಿಂದ ಕೊಡುವುದಿಲ್ಲ" ಎಂದು ಒಂದೇ ಸಾಲು ಅಪ್ಪನ ಹೆಸರಿಗೆ ತಂತಿ ಕಳಿಸಿ. ಬರುವ ಗುರುವಾರ ವಿಕ್ರಾಂತ ಸಾಯುತ್ತಾನಂತೆ. ಅಮ್ಮನ ಕಣ್ಣೀರೆಲ್ಲ ಅವನಿಗೇ ಮುಗಿದುಹೋಗಲಿ ಮಾವ, ನನಗಾಗಿ ಉಳಿಸಿಕೊಳ್ಳುವುದು ಬೇಡ.