ಒಂದು ಗೇಣು ಕಡಿಮೆ

ಕೆಂಪಗಟ್ಟಿ, ಹಾನಗಲ್ಲ ತಾಲ್ಲೂಕು
೯–೨–೨೦೨೫

ನನ್ನ ಸಮತಾ, ನನ್ನ ಬಂಗಾರದ ಮಗಳೇ,

ಹಿರೇಕೆರೂರಿನಲ್ಲಿ ನೀನು, ಮಾಲತೇಶ, ಹೊಟ್ಟೆಯಲ್ಲಿರುವ ಸಣ್ಣ ಜೀವ, ಮೂವರೂ ಚೆನ್ನಾಗಿದ್ದೀರಿ ಎಂದುಕೊಂಡೇ ಬರೆಯಲು ಕುಳಿತಿದ್ದೇನೆ. ಫೋನು ಇರುವಾಗ ಅವ್ವ ಯಾಕೆ ಪತ್ರ ಬರೆದಳು ಎಂದು ಹೆದರಬೇಡ. ಫೋನಿನಲ್ಲಿ ಆಡಿದ ಮಾತು ನಿಮ್ಮಪ್ಪನ ಕಿವಿಗೆ ಬೀಳುತ್ತದೆ. ಅವನಿಗೆ ಓದಲು ಬಾರದು, ಅದಕ್ಕೇ ಕಾಗದ. ಮುದುಕಿಯಾದ ಮೇಲೆ ಕಲಿತ ಅಕ್ಷರ ನನ್ನದು, ಒತ್ತು ತಪ್ಪಿದ್ದರೆ ನೀನೇ ತಿದ್ದಿಕೊ.

ಬಾಣಂತನಕ್ಕೆ ಬಂದವಳು ಚೀಲ ಇಡುವ ಮೊದಲೇ ಹಿತ್ತಲ ಬಾಗಿಲು ತೆರೆಯುತ್ತೀ, ನನಗೆ ಗೊತ್ತು. ಈ ಸಲ ಅಲ್ಲಿಂದ ಕೂಸಗುಡ್ಡ ಕಾಣುವುದಿಲ್ಲ. ಅದನ್ನು ತೆಗೆಯುತ್ತಿದ್ದಾರೆ. ಬಂದು ನೋಡಿ ಎದೆ ಒಡೆದುಕೊಳ್ಳುವುದಕ್ಕಿಂತ ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ದೀಪಾವಳಿ ಮುಗಿದ ಮೇಲೆ ಗುಡ್ಡಗಳನ್ನು ಹೊಸದಾಗಿ ಅಳೆಯಲು ಬಂದರು. ಶಿಗ್ಗಾವಿ, ಸವಣೂರು ಮುಗಿಸಿ ನಮ್ಮ ಕಡೆ ತಿರುಗಿದ್ದರು. ಹಳೆಯ ನಕ್ಷೆಯ ಎತ್ತರವೆಲ್ಲ ಅಂದಾಜಿನದಂತೆ. ಈಗಿನ ಯಂತ್ರ ಉಪಗ್ರಹದ ಜೊತೆ ಮಾತಾಡಿ ಬೆರಳಗಲವೂ ತಪ್ಪದಂತೆ ಹೇಳುತ್ತದಂತೆ. ಸುತ್ತಲಿನ ನೆಲದಿಂದ ಮೂವತ್ತು ಮೀಟರ್ ಎದ್ದಿದ್ದರೆ ಗುಡ್ಡ, ಇಲ್ಲದಿದ್ದರೆ ದಿಬ್ಬ. ಗುಡ್ಡವನ್ನು ಮುಟ್ಟುವಂತಿಲ್ಲ, ದಿಬ್ಬದ ಗರಸು ಅಗೆದು ರಸ್ತೆಗೆ ಹಾಕಬಹುದು. ಈ ಕೊನೆಯ ಮಾತನ್ನು ನಮಗೆ ಯಾರೂ ಮೊದಲು ಹೇಳಲಿಲ್ಲ.

ಸಾಹೇಬರು ಬರುತ್ತಾರೆಂದು ಊರು ಹಿಗ್ಗಿತು. ನಿಮ್ಮಪ್ಪನಂತೂ ಗುಡ್ಡದ ನೆತ್ತಿಯ ಮೇಲಿನ ಉಬ್ಬು ನೋಡಿ, "ಸಾಹೇಬ್ರೇನು ಕಾಗಿ ಅದಾರೇನಲೇ, ಇಂಥಾ ಡುಬ್ಬದ ಮ್ಯಾಲ ಕುಂದ್ರಾಕ?" ಎಂದು ಎಲ್ಲರನ್ನೂ ಬೈದು ತಾನೇ ಗುದ್ದಲಿ ಹಿಡಿದ. ಉಬ್ಬು ಕಡಿದು, ತಟ್ಟಿ, ಸೆಗಣಿಯಿಂದ ಸಾರಿಸಿ, ಚಪ್ಪರ ಹಾಕಿ ಕುರ್ಚಿ ಇಟ್ಟರು. ನಿನ್ನ ಮದುವೆಯಲ್ಲಿ ಬೀಗರಿಗೂ ಅಷ್ಟು ಮಾಡಿರಲಿಲ್ಲ. ಕಡಿದ ಮಣ್ಣನ್ನು ಊರ ಕಡೆಯ ಇಳಿಜಾರಿಗೆ ನೂಕಿದರು. ಕೆಳಗೆ ಏನಿದೆ ಎಂದು ಆ ಸಂಭ್ರಮದಲ್ಲಿ ಯಾರೂ ಬಗ್ಗಿ ನೋಡಲಿಲ್ಲ.

ಅಳೆಯಲು ಬಂದ ಪ್ರಶಾಂತ ಎಂಬವನು ಕುರ್ಚಿಯಲ್ಲಿ ಕೂಡಲೂ ಇಲ್ಲ. "ಅಗದೀ ಚೊಲೋ ಮಾಡೀರಿ ಭರಮಪ್ಪಜ್ಜಾರ, ನನ್ನ ಕೋಲು ನೆಟ್ಟಗ ನಿಂತೈತಿ" ಎಂದು ನಿಮ್ಮಪ್ಪನ ಕಡೆ ನೋಡಿ ನಕ್ಕು, ಚಹಾ ಕುಡಿದು ಹೋದ. ಸಂಕ್ರಮಣದ ಹೊತ್ತಿಗೆ ಪಟ್ಟಿ ಬಂತು. ನಮ್ಮದು ದಿಬ್ಬ. ಮೂವತ್ತಕ್ಕೆ ಒಂದು ಗೇಣು ಕಡಿಮೆ.

ನಾವು ಕಡಿದದ್ದು ಒಂದು ಮೊಳ, ಮಗಳೇ.

ಹೆಂಗಸರೆಲ್ಲ ಬುಟ್ಟಿ ಹೊತ್ತು ಸಿಕ್ಕಷ್ಟು ಮಣ್ಣನ್ನು ಮತ್ತೆ ಮೇಲೇರಿಸಿದೆವು. ಪ್ರಶಾಂತನನ್ನು ಕರೆಸಿದೆವು. ಅವನ ಮುಖ ಬಾಡಿತು. "ಬ್ಯಾಡ್ರೀ ಅವ್ವಾರ, ಸುರಿದ ಮಣ್ಣು ಲೆಕ್ಕಕ್ಕ ಬರೂದಿಲ್ಲ. ಹುಟ್ಟಿದ ಮಣ್ಣ ಬೇಕು" ಎಂದ. ಪಕ್ಕದ ಮನೆಯ ಶಾರವ್ವ ಎರಡು ಕೂಸುಗಳನ್ನು ಅಲ್ಲಿ ಮಲಗಿಸಿದವಳು. "ಹುಟ್ಟಿದ್ದನ್ನ ಮಣ್ಣ ಮಾಡಾಕ ನಮಗ ಬರ್ತೈತಿ, ಮಣ್ಣ ಹುಟ್ಟಸಾಕ ಎಲ್ಲಿಗೆ ಹೋಗೂಣೋ ತಮ್ಮಾ?" ಎಂದಳು. ಅವನು ಕಚೇರಿಗೆ ಹೋಗಿ, ನಾವು ಕಡಿದ ಸಂಗತಿಯನ್ನು ಮೇಲಕ್ಕೆ ಬರೆದು ಕಳಿಸಿದನಂತೆ. ಅಳೆದ ದಿನ ಇದ್ದದ್ದೇ ಎತ್ತರ ಎಂದು ಉತ್ತರ ಬಂತು.

ಹಲ್ಲು ಬಾರದ ಕೂಸುಗಳನ್ನು ಅಲ್ಲೇ ಯಾಕೆ ಇಡುತ್ತಿದ್ದೆವು ನಿನಗೆ ಗೊತ್ತು. ಎತ್ತರದಲ್ಲಿದ್ದರೆ ಅವ್ವನ ಮನೆ ಕಾಣುತ್ತದೆ. ನಿನ್ನ ಮೊದಲ ಕೂಸನ್ನು ನಮ್ಮ ಹಿತ್ತಲಿಗೆ ನೇರವಾಗಿ ಇಟ್ಟಿದ್ದೆವು. ಅವನಿದ್ದ ಒಂದು ತಿಂಗಳೂ ನಾವಿಬ್ಬರು ಜಗಳಾಡಿದ್ದೇ ಬಂತಲ್ಲ. ದೃಷ್ಟಿಯಾಗುತ್ತದೆ, ಕಾಲಿಗೆ ಕರಿಮಣಿ ಕಟ್ಟುತ್ತೇನೆ ಎಂದು ನಾನು. "ದೃಷ್ಟಿ ಗಿಷ್ಟಿ ಎಲ್ಲಾ ಸುಳ್ಳಬೇ, ನನ್ನ ಕೂಸಿನ ಮೈ ಮ್ಯಾಲ ಒಂದು ದಾರಾನೂ ಬ್ಯಾಡ" ಎಂದು ನೀನು. ಕಡೆಗೆ ನೀನೇ ಗೆದ್ದೆ. ಬರೀ ಮೈಯಲ್ಲಿ ಬಂದ, ಬರೀ ಮೈಯಲ್ಲೇ ಹೋದ.

ಪಟ್ಟಿ ಬಂದಾಗಿನಿಂದ ನಿಮ್ಮಪ್ಪ ಗುದ್ದಲಿ ಮುಟ್ಟಲಿಲ್ಲ. "ನನ್ನ ಮೊಮ್ಮಗನ್ನ ನಾನ ರಸ್ತೇಕ ಹಾಕಿದೆ" ಎಂದು ಗೋಡೆಗೆ ಹೇಳುತ್ತಿದ್ದ. ಅನ್ನ ಬಿಟ್ಟ. ಹೀಗೇ ಬಿಟ್ಟರೆ ಇವನೂ ಹೋಗುತ್ತಾನೆ ಅನ್ನಿಸಿತು. ಗುಡ್ಡ ಅಗೆಯುವ ಯಂತ್ರ ಬರುವ ಮೊದಲು ಒಂದು ಬೆಳಗ್ಗೆ ನಾನು, ಶಾರವ್ವ ಕುರ್ಪಿ ಹಿಡಿದು ಹೋದೆವು. ಇಳಿಜಾರಿನಲ್ಲಿ ಉಳಿದಿದ್ದ ಮಣ್ಣಿನಡಿ ಗುರುತಿನ ಕಲ್ಲುಗಳೆಲ್ಲ ಹೂತುಹೋಗಿದ್ದವು. ಆದರೂ ನಮ್ಮ ಕೂಸು ಸಿಕ್ಕ. ಶಾರವ್ವನವು ಸಿಗಲಿಲ್ಲ. ಅವನನ್ನು ಸೆರಗಿನಲ್ಲೇ ಮನೆಗೆ ತಂದೆ, ಹಿತ್ತಲ ನಿಂಬೆಗಿಡದ ಬುಡದಲ್ಲಿ ಇಟ್ಟಿದ್ದೇವೆ.

ಅಂದು ನಿಮ್ಮಪ್ಪ ರೊಟ್ಟಿ ಮುರಿದ. ಈಗ ದಿನಾ ಗಿಡಕ್ಕೆ ನೀರು ಹಾಕಿ ಅಲ್ಲೇ ಕೂಡುತ್ತಾನೆ. "ಮೊದಲ ದೂರಿಂದ ಮನಿ ನೋಡತಿದ್ದ, ಈಗ ಮನ್ಯಾಗ ಅದಾನ" ಅನ್ನುತ್ತಾನೆ.

ನೀನು ಬಾ, ಮಗಳೇ. ಬಾಗಿಲು ತೆರೆದಾಗ ದೂರ ನೋಡಬೇಡ, ಹತ್ತಿರ ನೋಡು.

ನಿನ್ನ ಹಾದಿ ಕಾಯುತ್ತಿರುವ ಅವ್ವ,
ಮಂಜವ್ವ

ತಾ.ಕ.: ಕೂಸಿನ ಕಾಲ ಹತ್ತಿರ ಕರಿಮಣಿ ಸಿಕ್ಕವು. ಶಾರವ್ವ ಅವನ್ನು ಬಹಳ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ತನ್ನವು ಅನ್ನಲಿಲ್ಲ, ತನ್ನವಲ್ಲ ಅಂತಲೂ ಅನ್ನಲಿಲ್ಲ. ಆಮೇಲೆ ನನ್ನ ಸೆರಗಿಗೆ ಹಾಕಿ, "ನಡೀ, ಭರಮಪ್ಪಣ್ಣ ಉಪಾಸ ಅದಾನ" ಎಂದಳು. ನಿಮ್ಮಪ್ಪ ಆ ಮಣಿ ನೋಡಿದ್ದಾನೆ, ನೀನು ಬಂದಾಗ ಕೇಳುತ್ತಾನೆ. ನೀನೇ ಕಟ್ಟಿದ್ದೆ ಅನ್ನು.